ಅಡುಗೆಮನೆ ಲೆಕ್ಕ: ಪೂರಿಗಾಲಿಯ ಒಂದು ದಬರಿ, ವಾರಕ್ಕೆ 185 ರೂಪಾಯಿ

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ

ಬಸ್ಸಲ್ಲಿ ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಪಾತ್ರೆ ತೊಳೀತಾ ಇದ್ದರೆ ಇನ್ನೂ ಒಳ್ಳೇದು. ಯಾಕಂದ್ರೆ ಇವತ್ತಿನ ವಿಷಯ ಆ ಸಿಂಕ್ ಪಕ್ಕದ ಕಸದ ಬುಟ್ಟಿಯಲ್ಲೇ ಇದೆ. ದಿನಸಿ ಖರ್ಚು ಹೇಗೆ ಇಳಿಸೋದು, ಮನೆಯಲ್ಲಿ ಊಟ ತಿಂಡಿ ಹಾಳಾಗೋದನ್ನ ಹೇಗೆ ತಡೆಯೋದು ಅನ್ನೋದೇ ಈ ಸಂಚಿಕೆ.

ಇದನ್ನ ನಾನು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ, ನಮ್ಮ ಮನೆಯಿಂದಲೇ ರೆಕಾರ್ಡ್ ಮಾಡ್ತಿದ್ದೀನಿ. ಹಿಂದೆ ಕೋಳಿ ಕೂಗಿದರೆ ಎಡಿಟಿಂಗ್ ತಪ್ಪು ಅಂದ್ಕೋಬೇಡಿ. ಪೂರಿಗಾಲಿ ಅಂದ್ರೆ ಹೊರಗಿನವರಿಗೆ ನೆನಪಾಗೋದು ಹನಿ ನೀರಾವರಿ ಯೋಜನೆ. ಹನಿ ಹನಿ ನೀರನ್ನೂ ಲೆಕ್ಕ ಹಾಕಿ ಬೆಳೆ ಬೆಳೀಬೇಕು ಅನ್ನೋ ಮಾತು ಕೇಳ್ಕೊಂಡು ಬೆಳೆದವರು ನಾವು. ಆದರೆ ಬೆಳೆದು ಮನೆಗೆ ಬಂದಿದ್ದರ ಲೆಕ್ಕ? ಅದನ್ನ ನಾನು ಯಾವತ್ತೂ ನೋಡಿರಲಿಲ್ಲ.

ನೋಟ್‌ಬುಕ್ ಶುರುವಾಗಿದ್ದು ಹೀಗೆ

ಅವ್ವ ತಮ್ಮನ ಕಾಲೇಜು ಫೀಸಿಗೆ ಸಂಘದಲ್ಲಿ ಸಾಲ ತಗೊಂಡಿದ್ದಾಳೆ. ವಾರಕ್ಕೆ 350 ರೂಪಾಯಿ ಕಂತು. ಒಂದು ವಾರ ಆ ದುಡ್ಡು ಹೊಂದಲಿಲ್ಲ. ಪಕ್ಕದ ಮನೆ ಅಕ್ಕನ ಹತ್ತಿರ ಕೈಸಾಲ ಮಾಡಿ ಕಟ್ಟಿದಳು. ಅದೇ ಸಂಜೆ ಫ್ರಿಡ್ಜ್ ಕ್ಲೀನ್ ಮಾಡೋಕೆ ಹೋದ ನನಗೆ ಸಿಕ್ಕಿದ್ದು ಕೊಳೆತ ಎರಡು ಕಟ್ಟು ಸೊಪ್ಪು, ಮೆತ್ತಗಾದ ಟೊಮೆಟೊ, ಬೂಷ್ಟು ಹಿಡಿದ ಬ್ರೆಡ್. ಆ ಕಡೆ ಕೈಸಾಲ, ಈ ಕಡೆ ಇದು. ಅವತ್ತೇ ತಮ್ಮನ ಹಳೇ ನೋಟ್‌ಬುಕ್ ತಗೊಂಡೆ. ಏಳು ದಿನ, ಮನೆಯಿಂದ ಹೊರಗೆ ಹೋಗುವ ತಿನ್ನೋ ಪದಾರ್ಥ ಎಲ್ಲಾ ಬರೆಯೋದು ಅಂತ.

ನಾವು ನಾಲ್ಕು ಜನ. ಒಂದು ವಾರದ ಪಟ್ಟಿ ಇದು. ಸೊಪ್ಪು ಮೂರು ಕಟ್ಟು, 30 ರೂಪಾಯಿ. ಟೊಮೆಟೊ ಅರ್ಧ ಕೆಜಿ, 15. ಕೊತ್ತಂಬರಿ ಒಂದು ಕಟ್ಟು, 10. ಒಡೆದು ಹೋದ ಹಾಲು ಅರ್ಧ ಲೀಟರ್, 25. ಅರ್ಧ ಪ್ಯಾಕೆಟ್ ಬ್ರೆಡ್, 25. ನಾಲ್ಕು ಬಾಳೆಹಣ್ಣು, 20. ಎರಡು ಸಲ ಹಳಸಿದ ಸಾರು, ಅದರ ಬೇಳೆ, ತರಕಾರಿ, ಎಣ್ಣೆ ಎಲ್ಲಾ ಸೇರಿಸಿ ಅಂದಾಜು 60. ಒಟ್ಟು 185 ರೂಪಾಯಿ. ಇದರ ಮೇಲೆ ಅನ್ನ ಸುಮಾರು ಎರಡೂವರೆ ಕೆಜಿ. ಅದಕ್ಕೆ ಬೆಲೆ ಹಾಕಲಿಲ್ಲ, ಯಾಕಂದ್ರೆ ಅದು ರೇಷನ್ ಅಕ್ಕಿ.

185 ಅಂದ್ರೆ ಏನು ಮಹಾ ಅನ್ನಿಸಬಹುದು. 52 ವಾರಕ್ಕೆ ಗುಣಿಸಿ: 9,620 ರೂಪಾಯಿ. ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಲ್ಲ, ಹೆಚ್ಚು ಕಡಿಮೆ ಐದು ತಿಂಗಳ ಆ ದುಡ್ಡು ನೇರ ತಿಪ್ಪೆಗೆ.

ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಆಹಾರ ಪೋಲಿನ ವರದಿ ಕೊಟ್ಟಿತು. ಅದರ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಗಿದೆ. ಅದರಲ್ಲಿ ಸುಮಾರು 60 ಪರ್ಸೆಂಟ್ ಹೋಟೆಲಿನದ್ದಲ್ಲ, ಅಂಗಡಿಯದ್ದಲ್ಲ, ಮನೆಗಳದ್ದು. ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಅಂದಾಜು 55 ಕೆಜಿ. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ 220 ಕೆಜಿ, ದಿನಕ್ಕೆ 600 ಗ್ರಾಂ. ಒಂದು ಮಾತು ನೆನಪಿರಲಿ, ಈ ಲೆಕ್ಕದಲ್ಲಿ ಸಿಪ್ಪೆ, ಮೂಳೆ ತರದ ತಿನ್ನೋಕಾಗದ ಭಾಗವೂ ಸೇರಿದೆ.

ಈಗ ದುಡ್ಡಿನ ಕಡೆ ನೋಡೋಣ. ಕೇಂದ್ರ ಸರ್ಕಾರದ 2023-24ರ ಮನೆ ಖರ್ಚಿನ ಸಮೀಕ್ಷೆ ಪ್ರಕಾರ, ಹಳ್ಳಿಯಲ್ಲಿ ಒಂದು ಮನೆ ಖರ್ಚು ಮಾಡೋ ಪ್ರತಿ 100 ರೂಪಾಯಿಯಲ್ಲಿ ಸುಮಾರು 47 ಊಟ ತಿಂಡಿಗೇ ಹೋಗುತ್ತೆ. ಪೇಟೆಯಲ್ಲಿ ಸುಮಾರು 40. ಆದರೆ ಹಳ್ಳಿಯ ಆ 47ರಲ್ಲಿ ಅಕ್ಕಿ, ರಾಗಿ, ಗೋಧಿ ತರದ ಧಾನ್ಯಕ್ಕೆ ಹೋಗೋದು ಸುಮಾರು 5 ಮಾತ್ರ. ತರಕಾರಿಗೆ ಸುಮಾರು 6, ಹಾಲು ಹೈನಿಗೆ 8ರ ಮೇಲೆ. ಎಲ್ಲಕ್ಕಿಂತ ಜಾಸ್ತಿ ಹೋಗೋದು ಟೀ, ಕಾಫಿ, ಕುರುಕಲು, ಪ್ಯಾಕೆಟ್ ತಿಂಡಿ, ಹೊರಗಿನ ಊಟಕ್ಕೆ: ಹತ್ತಿರ ಹತ್ತಿರ 10.

ಅಂದ್ರೆ ಅಗ್ಗದ ಅಕ್ಕಿ ಹುಡುಕಿ ಅಂಗಡಿ ಅಂಗಡಿ ಅಲೆಯೋದರಿಂದ ಉಳಿಯೋದು ಕಮ್ಮಿ. ಹಾಲು, ತರಕಾರಿ, ಪ್ಯಾಕೆಟ್ ಈ ಮೂರರ ಮೇಲೆ ಕಣ್ಣಿಟ್ಟರೆ ಉಳಿಯೋದು ಜಾಸ್ತಿ. ನನ್ನ ನೋಟ್‌ಬುಕ್ಕೂ ಅದನ್ನೇ ಹೇಳ್ತಿತ್ತು.

‘ದನ ತಿನ್ಕತಿದ್ವು ಕನ ಆಗ’

ನೋಟ್‌ಬುಕ್ ನೋಡಿ ಅವ್ವನಿಗೆ ಸಿಟ್ಟು ಬಂತು. ‘ಏನ್ ಮಗ, ಕಸಕ್ಕೂ ಲೆಕ್ಕ ಬರಿತಿದ್ದೀಯ? ನಾನೇನ್ ಬೇಕಂತ ಚೆಲ್ತೀನಾ?’ ಅಂದಳು. ತಪ್ಪು ನಂದೇ. ಲೆಕ್ಕ ಬರೆಯೋ ಅವಸರದಲ್ಲಿ ಅದು ಅವಳ ಅಡುಗೆ ಮೇಲಿನ ದೂರು ಆಗಿಬಿಟ್ಟಿತ್ತು. ನೀವು ಮನೆಯಲ್ಲಿ ಇದನ್ನ ಶುರು ಮಾಡೋದಾದ್ರೆ ಮೊದಲು ಜೊತೆಗೆ ಕೂತು ಮಾತಾಡಿ, ಆಮೇಲೆ ಪೆನ್ನು ತಗೊಳ್ಳಿ.

ಎರಡು ದಿನ ಬಿಟ್ಟು ಅವಳೇ ಹೇಳಿದಳು: ‘ಆಗ ಎರಡು ಹಸ, ಒಂದು ಜೊತೆ ಎತ್ತು ಇದ್ವು. ಗದ್ದೆಗೆ ಆಳು ಬರೋರು. ಉಳಿದಿದ್ದು ಕಲಗಚ್ಚಿಗೆ ಹಾಕಿದ್ರೆ ದನ ತಿನ್ಕತಿದ್ವು ಕನ ಆಗ. ಎಲ್ಲಿ ವೇಸ್ಟಾಗದು?’

ಅಲ್ಲೇ ನನಗೆ ಉತ್ತರ ಸಿಕ್ಕಿದ್ದು. ಹಸು ಮಾರಿ ವರ್ಷಗಳಾಯ್ತು. ಅಜ್ಜಿ ತಾತ ಇಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬರುತ್ತೆ, ಆಳುಗಳು ಊಟಕ್ಕೆ ಕೂರಲ್ಲ. ಹತ್ತು ಜನ, ನಾಲ್ಕು ದನ ಇದ್ದ ಮನೆಯಲ್ಲಿ ಈಗ ನಾಲ್ಕೇ ಜನ. ಆದರೆ ಒಲೆ ಮೇಲೆ ಕೂರೋ ದಬರಿ ಮಾತ್ರ ಅದೇ. ಆ ದಬರಿಯಲ್ಲಿ ಸ್ವಲ್ಪ ಅನ್ನ ಮಾಡಿದರೆ ಕೈಗೇ ಕಮ್ಮಿ ಅನ್ನಿಸುತ್ತೆ, ಇನ್ನೊಂದು ಪಾವು ಅಕ್ಕಿ ಬೀಳುತ್ತೆ.

ಹಳ್ಳಿ ಮನೆಗಳಲ್ಲಿ ಊಟ ಪೋಲಾಗಲ್ಲ ಅಂತ ನಾವು ಹೇಳ್ಕೊಳ್ಳೋದಕ್ಕೆ ಕಾರಣ ಇತ್ತು. ಅಡುಗೆಮನೆ, ಕೊಟ್ಟಿಗೆ, ತಿಪ್ಪೆ, ಗದ್ದೆ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿದ್ದವು. ಕೊಟ್ಟಿಗೆ ಖಾಲಿ ಆದಾಗ ಒಂದು ಕೊಂಡಿ ಕಳಚಿತು. ಅಭ್ಯಾಸ ಮಾತ್ರ ಉಳೀತು.

ಹಸು ಇರೋ ಮನೆಯವರಿಗೂ ಒಂದು ಎಚ್ಚರಿಕೆ: ಮದುವೆ, ಹಬ್ಬದಲ್ಲಿ ಉಳಿದ ಅನ್ನ ಒಂದೇ ಸಲ ರಾಶಿ ಹಾಕಬೇಡಿ. ಅನ್ನ ಜಾಸ್ತಿಯಾದರೆ ದನದ ಹೊಟ್ಟೆಯಲ್ಲಿ ಆಮ್ಲ ಏರಿ, ಪ್ರಾಣಕ್ಕೇ ಬರುತ್ತೆ.

‘ಯಾರಾದ್ರೂ ಬಂದ್ರೆ ಏನಿಕ್ಕದು?’

ಸರಿ, ಚಿಕ್ಕ ಪಾತ್ರೆ ತರೋಣ ಅಂದೆ. ಅವ್ವನ ಪ್ರಶ್ನೆ ಇದು: ‘ಯಾರಾದ್ರೂ ಬಂದ್ರೆ ಏನಿಕ್ಕದು? ಬಂದವ್ರಿಗೆ ಒಂದು ತುತ್ತು ಇಲ್ಲ ಅನ್ನಂಗಾಗ್ಬಾರ್ದು.’

ಇದನ್ನ ಹಳೇ ಕಾಲದ ಯೋಚನೆ ಅಂತ ತಳ್ಳಿ ಹಾಕೋಕಾಗಲ್ಲ. ಮನೆ ಮರ್ಯಾದೆ ವಿಷಯ. ಆದರೆ ಇದಕ್ಕೆ ಪರಿಹಾರ ನಮ್ಮೂರ ಊಟದಲ್ಲೇ ಇದೆ. ಬೇಯಿಸಿದ ಅನ್ನ ಯಾರನ್ನೂ ಕಾಯಲ್ಲ, ಸಂಜೆಗೆ ಹಳಸುತ್ತೆ. ಡಬ್ಬಿಯಲ್ಲಿರೋ ರಾಗಿ ಹಿಟ್ಟು ಕಾಯುತ್ತೆ. ನೆಂಟರು ಕಾಲು ತೊಳೆದು, ನೀರು ಕುಡಿದು, ಊರ ಸುದ್ದಿ ಹೇಳೋ ಹೊತ್ತಿಗೆ ಬಿಸಿ ಮುದ್ದೆ ತಟ್ಟೆಗೆ ಬರುತ್ತೆ. ಜೊತೆಗೆ ಉಪ್ಸಾರು ಖಾರ ಇದ್ದರೆ ಮುಗೀತು. ಬಂದವರಿಗೂ ತಣ್ಣಗಿನ ಅನ್ನಕ್ಕಿಂತ ಇದೇ ಗೌರವ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದೂ ಸರಿಯೇ’ ಅಂದಳು.

ಹಾಗಾಗಿ ನಮ್ಮ ಮೊದಲ ನಿಯಮ: ಬೇಯಿಸಿಟ್ಟು ಕಾಯೋದು ಬೇಡ, ಬೇಯಿಸೋಕೆ ಸಿದ್ಧ ಇಟ್ಟುಕೊಳ್ಳೋಣ. ಅಕ್ಕಿ ಅಳೆಯೋಕೆ ಒಂದೇ ಲೋಟ ಇಟ್ಟೆವು. ಅಕ್ಕಿ ಅನ್ನ ಆದಾಗ ತೂಕದಲ್ಲಿ ಎರಡೂವರೆಯಿಂದ ಮೂರು ಪಟ್ಟು ಆಗುತ್ತೆ. ಒಂದು ವಾರ ಅಳೆದರೆ ನಿಮ್ಮ ಮನೆಗೆ ಎಷ್ಟು ಲೋಟ ಸಾಕು ಅನ್ನೋದು ಗೊತ್ತಾಗುತ್ತೆ.

ಫ್ರೀ ಅಕ್ಕಿ ನಿಜವಾಗ್ಲೂ ಫ್ರೀನಾ?

ಅನ್ನಭಾಗ್ಯ ಶುರುವಾಗಿದ್ದು 2013ರ ಜುಲೈನಲ್ಲಿ. 2023ರಲ್ಲಿ ಹೆಚ್ಚುವರಿ ಅಕ್ಕಿ ಬದಲು ಖಾತೆಗೆ ದುಡ್ಡು ಬರ್ತಿತ್ತು, 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡೋಕೆ ಶುರು ಮಾಡಿದರು. ಎಷ್ಟೋ ಮನೆಗೆ ಇದು ಹಸಿವು ಮತ್ತು ಹೊಟ್ಟೆ ತುಂಬೋದರ ನಡುವಿನ ವ್ಯತ್ಯಾಸ. ಆದರೆ ದುಡ್ಡು ಕೊಡದೆ ಬಂದಿದ್ದನ್ನ ನಾವು ಲೆಕ್ಕದಿಂದಲೇ ಬಿಡ್ತೀವಿ. ನಾನೂ ಬಿಟ್ಟಿದ್ದೆ.

ಒಂದು ಕೆಜಿ ಅಕ್ಕಿ ಬೆಳೆಯೋಕೆ, ಮಳೆ ನೀರೂ ಸೇರಿ, ಜಗತ್ತಿನ ಸರಾಸರಿ ಲೆಕ್ಕದಲ್ಲಿ ಸುಮಾರು 2,500 ಲೀಟರ್ ನೀರು ಬೇಕು. ನಾವು ಆ ವಾರ ಚೆಲ್ಲಿದ ಎರಡೂವರೆ ಕೆಜಿ ಅನ್ನ ಅಂದ್ರೆ ಹೆಚ್ಚು ಕಡಿಮೆ ಒಂದು ಕೆಜಿ ಅಕ್ಕಿ. ಸಾವಿರ ಲೀಟರಿನ ಎರಡೂವರೆ ಟ್ಯಾಂಕ್ ನೀರು. ಕೆಆರ್‌ಎಸ್ ಮಟ್ಟ ಎಷ್ಟಿದೆ ಅಂತ ದಿನಾ ಮೊಬೈಲಲ್ಲಿ ನೋಡೋ ಜಿಲ್ಲೆ ನಮ್ಮದು. ನಾಲೆ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂತ ಮಳವಳ್ಳಿಯಲ್ಲಿ ಜಗಳ ಆಗೋದನ್ನ ನೋಡಿದ್ದೀವಿ. ಅದೇ ನೀರು ತಟ್ಟೆಯಿಂದ ಹೋದಾಗ ಜಗಳ ಆಗಲ್ಲ.

ಉಳಿದ ಅನ್ನ: ಎಲ್ಲಿವರೆಗೆ ಸರಿ?

ಉಳಿಸಬೇಕು ಅಂತ ಹೊಟ್ಟೆ ಕೆಡಿಸ್ಕೊಳ್ಳೋದು ಬೇಡ. ಹಸಿ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಸಾಯಲ್ಲ. ಅನ್ನ ಹೊರಗೆ ಗಂಟೆಗಟ್ಟಲೆ ಇದ್ದರೆ ಬೆಳೆದು ವಿಷ ಬಿಡ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಅದಕ್ಕೇ ‘ಚೆನ್ನಾಗಿ ಬಿಸಿ ಮಾಡಿದ್ದೀನಲ್ಲ’ ಅನ್ನೋ ಧೈರ್ಯ ಸಾಲಲ್ಲ.

ಮಾಡಬೇಕಾದ್ದು ಇಷ್ಟೆ. ಊಟ ಆದ ಮೇಲೆ ಉಳಿದ ಅನ್ನ ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ. ಎರಡು ಗಂಟೆ ಒಳಗೆ ಮುಚ್ಚಿ ಫ್ರಿಡ್ಜ್‌ಗೆ ಇಡಿ. ಮಾರನೇ ದಿನವೇ ಚಿತ್ರಾನ್ನ ಮಾಡಿ, ಇಲ್ಲ ಅಕ್ಕಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿ. ಒಂದೇ ಸಲ ಬಿಸಿ ಮಾಡಿ, ಹಬೆ ಬರೋ ಹಾಗೆ. ವಾಸನೆ ಬಂದರೆ, ಅಂಟಂಟಾದರೆ ಬಿಸಾಕಿ.

ಬೂಷ್ಟು ಹಿಡಿದ ಕಡಲೆಬೀಜ, ಕೊಬ್ಬರಿ ಕೂಡ ಅಷ್ಟೆ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗಲ್ಲ. ಅಲ್ಲಿ ಜಿಪುಣತನ ಬೇಡ.

ಫ್ರಿಡ್ಜ್ ಅಂದ್ರೆ ಬೀರು ಅಲ್ಲ

ನಮ್ಮ ಮನೆಯಲ್ಲಿ ಜಾಸ್ತಿ ಹಾಳಾಗಿದ್ದು ಫ್ರಿಡ್ಜ್ ಒಳಗೇ. ಒಳಗಿಟ್ಟರೆ ಸಾಕು, ಕೆಡಲ್ಲ ಅಂದ್ಕೊಂಡಿದ್ವಿ. ಗೊತ್ತಾದ ವಿಷಯ ಹೇಳ್ತೀನಿ.

ಫ್ರಿಡ್ಜ್ ಒಳಗೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿ ಇರಬೇಕು. ಬಾಗಿಲಿನ ಭಾಗ ಎಲ್ಲಕ್ಕಿಂತ ಬೆಚ್ಚಗಿರುತ್ತೆ, ಹಾಲು ಅಲ್ಲಿಡಬೇಡಿ, ಒಳಗಿಡಿ. ಕರೆಂಟ್ ಹೋದಾಗ ಬಾಗಿಲು ತೆಗೆಯದೆ ಇದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತೆ. ಹಾಲು ಉಳಿಯುತ್ತೆ ಅನ್ನಿಸಿದರೆ ಆ ರಾತ್ರಿಯೇ ಕಾಯಿಸಿ ಹೆಪ್ಪು ಹಾಕಿ.

ಸೊಪ್ಪು ತಂದ ತಕ್ಷಣ ತೊಳೆದು ಇಡಬೇಡಿ, ನೀರಿನ ಪಸೆ ಇದ್ದರೆ ಬೇಗ ಕೊಳೆಯುತ್ತೆ. ಕಟ್ಟು ಬಿಚ್ಚಿ, ಹಳದಿ ಎಲೆ ಕಿತ್ತು, ಒಣ ಬಟ್ಟೆಯಲ್ಲೋ ಪೇಪರಲ್ಲೋ ಸುತ್ತಿ ಇಡಿ. ಕೊತ್ತಂಬರಿಯನ್ನ ಲೋಟದಲ್ಲಿ ಸ್ವಲ್ಪ ನೀರು ಹಾಕಿ ಬೇರು ಮುಳುಗೋ ಹಾಗೆ ನಿಲ್ಲಿಸಿದರೆ ದಿನಗಟ್ಟಲೆ ಇರುತ್ತೆ.

ಬಾಳೆಹಣ್ಣು, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನ್ನೋ ಅನಿಲ ಬಿಡ್ತವೆ. ಅದು ಪಕ್ಕದಲ್ಲಿರೋ ತರಕಾರಿ, ಸೊಪ್ಪನ್ನೂ ಬೇಗ ಹಣ್ಣು ಮಾಡುತ್ತೆ, ಬಾಡಿಸುತ್ತೆ. ದೂರ ಇಡಿ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ, ಫ್ರಿಡ್ಜೂ ಬೇಡ. ಗಾಳಿ ಆಡೋ ಜಾಗ ಸಾಕು.

ಕಾಳು ಬೇಳೆ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಬರುತ್ತೆ. ಒಣಗಿದ ಬೇವಿನ ಎಲೆ, ಒಣಮೆಣಸಿನಕಾಯಿ ಹಾಕೋದು ಅಜ್ಜಿ ಕಾಲದ ರೂಢಿ, ನಾವೂ ಹಾಕ್ತೀವಿ. ರವೆ ಹುರಿದು ಇಟ್ಟರೆ ಹುಳ ಬೇಗ ಬೀಳಲ್ಲ. ರಾಗಿ ಕಾಳಾಗಿ ಇದ್ದಷ್ಟು ದಿನ ಭದ್ರ. ನಮ್ಮ ಸೀಮೆಯಲ್ಲಿ ಹಿಂದೆ ಹಗೇವು ತೋಡಿ ವರ್ಷಗಟ್ಟಲೆ ಇಡ್ತಿದ್ದಿದ್ದು ಅದಕ್ಕೇ. ಹಿಟ್ಟು ಮಾತ್ರ ಹದಿನೈದು ದಿನಕ್ಕೆ ಆಗೋಷ್ಟು ಬೀಸಿಸಿ.

ಅಂಗಡಿಯಲ್ಲಿ, ಆ್ಯಪ್‌ನಲ್ಲಿ

ಒಂದು, ಯೂನಿಟ್ ಬೆಲೆ ನೋಡಿ. ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಅಂತ ಸಣ್ಣಕ್ಷರದಲ್ಲಿ ಹಾಕಿರ್ತಾರೆ. ಉದಾಹರಣೆಗೆ 100 ಗ್ರಾಂಗೆ 30 ರೂಪಾಯಿ ಅಂದ್ರೆ ಕೆಜಿಗೆ 300. ಅದೇ ಪದಾರ್ಥ 500 ಗ್ರಾಂಗೆ 130 ಇದ್ದರೆ ಕೆಜಿಗೆ 260. ಆದರೆ ದೊಡ್ಡದು ಲಾಭ ಅನ್ನೋದು ಪೂರ್ತಿ ಮುಗಿಸಿದಾಗ ಮಾತ್ರ. ಆ ಅರ್ಧ ಕೆಜಿಯಲ್ಲಿ 100 ಗ್ರಾಂ ಹಾಳಾದರೆ, ತಿಂದಿದ್ದು 400 ಗ್ರಾಂ, ಕೆಜಿಗೆ 325 ಬಿತ್ತು. ಚಿಕ್ಕ ಪ್ಯಾಕೆಟ್ಟೇ ಅಗ್ಗ ಆಯ್ತು ಅಲ್ವಾ?

ಎರಡು, ದಿನಾಂಕ ಓದೋದು ಕಲೀರಿ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಅಂದ್ರೆ ಆ ದಿನ ದಾಟಿದ ಮೇಲೆ ತಿನ್ನಬಾರದು. ‘ಬೆಸ್ಟ್ ಬಿಫೋರ್’ ಅಂದ್ರೆ ಅಲ್ಲಿವರೆಗೆ ರುಚಿ, ಗುಣ ಚೆನ್ನಾಗಿರುತ್ತೆ ಅಂತ. ಎರಡೂ ಒಂದೇ ಅಂತ ತಿಳಿದು ಒಳ್ಳೇ ಪದಾರ್ಥ ಎಸೆಯೋರು ಬಹಳ.

ಮೂರು, ಬೆಂಗಳೂರು, ಮೈಸೂರಲ್ಲಿ ರೂಮ್ ಮಾಡಿಕೊಂಡಿರೋರಿಗೆ. ಡೆಲಿವರಿ ಚಾರ್ಜ್ 25 ರೂಪಾಯಿ ಉಳಿಸೋಕೆ 90 ರೂಪಾಯಿ ಸಾಮಾನು ಸೇರಿಸ್ತೀವಿ. ಆ 90ರಲ್ಲಿ ಅರ್ಧ ಕಸಕ್ಕೆ ಹೋದರೆ ಉಳಿದಿದ್ದೇನು? ಆರ್ಡರ್ ಹಾಕೋ ಮುಂಚೆ ಫ್ರಿಡ್ಜ್‌ದು ಒಂದು ಫೋಟೋ ತೆಗೀರಿ. ಅಂಗಡಿಯಲ್ಲಿ ನಿಂತು ಅದನ್ನೇ ನೋಡಿ. ನಮ್ಮ ಮನೆ ವಾಟ್ಸ್‌ಆ್ಯಪ್ ಗ್ರೂಪಲ್ಲಿ ‘ಮುಗಿದಿದೆ’ ಪಟ್ಟಿ ಪಿನ್ ಮಾಡಿದ್ದೀವಿ. ಆ ಪಟ್ಟಿಯಲ್ಲಿ ಇಲ್ಲದ್ದನ್ನ ಯಾರೂ ತರಲ್ಲ. ಮೊದಲು ಅಪ್ಪ ಒಂದು ಕಟ್ಟು, ನಾನೊಂದು ಕಟ್ಟು ಕೊತ್ತಂಬರಿ ತರ್ತಿದ್ವಿ.

ಬೆಲೆ ನಮ್ಮ ಕೈಯನ್ನ ಹೇಗೆ ಬದಲಾಯಿಸುತ್ತೆ ನೋಡಿ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತು. ಆಗ ಯಾರ ಮನೆಯಲ್ಲಾದರೂ ಟೊಮೆಟೊ ಕೊಳೆತಿದ್ದು ನೆನಪಿದೆಯಾ? ಅದೇ ರೇಟ್ ಬಿದ್ದಾಗ ಎರಡು ಕೆಜಿ ತಂದು ಅರ್ಧ ಎಸೀತೀವಿ. ಬೆಳೆದವನಿಗೆ ಮಾತ್ರ ಎರಡೂ ಸಲ ಅಷ್ಟೇ ಕೆಲಸ.

ಬಸ್ಸಾರು ಕಲಿಸೋ ಪಾಠ

ಮಂಡ್ಯದ ಬಸ್ಸಾರು ನೋಡಿ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದರೆ ಸಾರು, ಬಸಿದು ಉಳಿದಿದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ನೀರೂ ಹೋಗಲ್ಲ, ಕಡ್ಡಿಯೂ ಹೋಗಲ್ಲ. ಒಂದೊಂದು ಹಿಡಿ ಉಳಿದ ನಾಲ್ಕು ತರದ ಸೊಪ್ಪು ಸೇರಿಸಿದರೆ ಬೆರಕೆ ಸೊಪ್ಪಿನ ಸಾರು, ಅದಕ್ಕೆ ರುಚಿಯೇ ಜಾಸ್ತಿ. ಹೀರೇಕಾಯಿ ಸಿಪ್ಪೆ ಚಟ್ನಿ, ಮೂಲಂಗಿ ಸೊಪ್ಪಿನ ಪಲ್ಯ, ಹಲಸಿನ ಬೀಜದ ಸಾರು ಎಲ್ಲಾ ಇದೇ ಜಾತಿ. ನಾವೀಗ ಸಂತೆ ಹಿಂದಿನ ದಿನ ಹೊಸ ತರಕಾರಿ ತರಲ್ಲ. ಅವತ್ತು ಮನೆಯಲ್ಲಿ ಉಳಿದಿದ್ದರದ್ದೇ ಸಾರು.

ಏನಾಯ್ತು ಕೊನೆಗೆ?

ನಾಲ್ಕನೇ ವಾರದ ನೋಟ್‌ಬುಕ್ಕಲ್ಲಿ 185 ಇದ್ದಿದ್ದು 60ಕ್ಕೆ ಬಂತು. ವಾರಕ್ಕೆ 125, ತಿಂಗಳಿಗೆ 500 ರೂಪಾಯಿ ಉಳೀತು. ಸೊಪ್ಪು ಈಗಲೂ ಒಂದೊಂದು ಸಲ ಕೊಳೆಯುತ್ತೆ, ಸುಳ್ಳು ಹೇಳಲ್ಲ. ಸಾಲವೇನೂ ತೀರಿಲ್ಲ. ಆದರೆ ತಿಂಗಳಿಗೆ ಒಂದು ಕಂತಿನ ದುಡ್ಡು ಅಡುಗೆಮನೆಯಿಂದಲೇ ಹೊರಟಿತು. ಪಕ್ಕದ ಮನೆ ಅಕ್ಕನ ಕೈಸಾಲ ಅವ್ವ ತೀರಿಸಿ ಬಂದಳು.

ದೊಡ್ಡ ದಬರಿ ಅಟ್ಟ ಸೇರಿದೆ. ‘ಹಬ್ಬಕ್ಕೆ ಇಳಿಸ್ಕೊಳನ, ಇರ್ಲಿ’ ಅಂದಿದ್ದಾಳೆ. ನೋಟ್‌ಬುಕ್ ಈಗ ಅವಳ ಹತ್ತಿರವೇ ಇದೆ. ನಾನು ತಟ್ಟೆಯಲ್ಲಿ ಅನ್ನ ಬಿಟ್ಟರೆ ನನ್ನ ಹೆಸರೂ ಬರೀತಾಳೆ.

ನೀವು ಮಾಡಬೇಕಾದ್ದು ಒಂದೇ: ಈ ವಾರ ಏಳು ದಿನ, ಫೋನಿನ ನೋಟ್ಸ್‌ನಲ್ಲಿ, ಕಸಕ್ಕೆ ಹೋದ ಊಟ ಬರೀರಿ. ಬೇರೇನೂ ಬದಲಾಯಿಸಬೇಡಿ. ಏಳನೇ ದಿನ ಕೂಡಿಸಿ ನೋಡಿ, ಆಮೇಲೆ ಎಲ್ಲಿ ಶುರು ಮಾಡಬೇಕು ಅನ್ನೋದು ಆ ಪಟ್ಟಿಯೇ ಹೇಳುತ್ತೆ. ಈ ಸಂಚಿಕೆಯನ್ನ ಮನೆಯವರ ಜೊತೆ ಕೂತು ಕೇಳಿ.